ನಾಲ್ಕು ತಾಲೂಕು, ಒಂದೇ ಮುಗಿಲು



ನಮ್ಮ ಮನೆಯ ಹೆಣ್ಣುಮಕ್ಕಳು ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕುಗಳಿಗೆ ಹಂಚಿಹೋಗಿದ್ದೇವೆ. ನನ್ನ ತವರು ನ್ಯಾಮತಿ. ಫೂಫಿಯ ಮನೆ ಹೊನ್ನಾಳಿಯಲ್ಲಿ, ತುಂಗಭದ್ರೆಗೆ ಅಂಟಿಕೊಂಡ ತಗ್ಗಿನ ಕೇರಿಯಲ್ಲಿ. ಆಪಾ ಸೇರಿದ್ದು ಜಗಳೂರು ಕಡೆಯ ಒಂದು ಹಳ್ಳಿಯನ್ನು. ನಾನು ಚನ್ನಗಿರಿಯ ಸೊಸೆ. ಮದ್ರಸದಲ್ಲಿ ಓದಿ, ಮದುವೆಯ ನಂತರ ಬಿ.ಎ. ಮುಗಿಸಿ, ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದೇನೆ.

2019ರ ಆಗಸ್ಟ್ ತಿಂಗಳು. ಬಕ್ರೀದ್‌ಗೆ ಎರಡು ದಿನ ಉಳಿದಿತ್ತು. ಬೆಳಿಗ್ಗೆ ಫೂಫಿಯ ಫೋನ್ ಬಂತು: "ಬೇಟಿ, ನೀರು ಹೊಸ್ತಿಲು ದಾಟಿದೆ. ಹೊಲಿಗೆ ಯಂತ್ರ ಮಂಚದ ಮೇಲೆ ಇಟ್ಟು ಬಂದೆವು." ಅದೇ ಸಂಜೆ ಆಪಾ ಫೋನ್ ಮಾಡಿದರು: "ಹಬ್ಬಕ್ಕೆ ಮನೆ ತೊಳೆಯಲು ನೀರಿಲ್ಲ ಕಣೇ. ಟ್ಯಾಂಕರ್ ಬಂದು ನಾಲ್ಕು ದಿನವಾಯಿತು." ಒಂದೇ ದಿನ, ಒಂದೇ ಜಿಲ್ಲೆ. ಒಬ್ಬರು ನೀರಿನಿಂದ ಓಡುತ್ತಿದ್ದರು, ಇನ್ನೊಬ್ಬರು ನೀರಿನ ಹಿಂದೆ ಓಡುತ್ತಿದ್ದರು.

ಹಬ್ಬದ ರಜೆಯ ನಂತರ ಈ ವಿಷಯವನ್ನು ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, "ಅದು ಹೇಗೆ ಟೀಚರ್? ಎಲ್ಲರ ಮೇಲೂ ಇರುವುದು ಒಂದೇ ಮುಗಿಲಲ್ಲವೇ?" ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿದ್ದಷ್ಟು ಹೇಳಿ ಕೂರಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನೆಲ್ಲಾ ಓದಿದೆ. 2025ರ ಬೇಸಿಗೆ ರಜೆಯಲ್ಲಿ ನಾಲ್ಕೂ ಕಡೆ ಹೋಗಿ ಬಂದೆ. ಬನ್ನಿ, ನೀವೂ ನನ್ನ ಜೊತೆ ಬಸ್ಸು ಹತ್ತಿ. ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿಗೆ ನಮಗೆ ಟಿಕೆಟ್ಟಿನ ಚಿಂತೆಯಿಲ್ಲ.

ಮೊದಲು ನಮ್ಮ ಚನ್ನಗಿರಿಯನ್ನೇ ನೋಡಿ. ಸೂಳೆಕೆರೆಯ ಹೆಸರನ್ನು ನೀವು ಕೇಳಿರಬಹುದು. ಶಾಂತಿಸಾಗರ ಎಂಬುದು ಅದರ ಇನ್ನೊಂದು ಹೆಸರು. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಜನ ಕಥೆ ಹೇಳುತ್ತಾರೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ಹಿಡಿದಿಟ್ಟ ಆ ಕಾಲದವರ ಜಾಣ್ಮೆಗೆ ಬೆರಗಾಗದವರಿಲ್ಲ. ಚಿತ್ರದುರ್ಗದವರೂ ಕುಡಿಯುವುದು ಈ ಕೆರೆಯ ನೀರನ್ನು. ಇಂತಹ ಕೆರೆ, ಜೊತೆಗೆ ಭದ್ರಾ ನಾಲೆ ಇರುವ ತಾಲೂಕಿಗೆ ಬರ ಬರುತ್ತದೆಂದರೆ ನಮ್ಮ ಅತ್ತೆ ನಂಬುತ್ತಿರಲಿಲ್ಲ.

ಆದರೆ 2023ರಲ್ಲಿ ಮುಂಗಾರು ಕೈಕೊಟ್ಟಿತು. ಭದ್ರಾ ಜಲಾಶಯ ತುಂಬಲಿಲ್ಲ. ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. 2024ರ ಮಾರ್ಚ್, ಏಪ್ರಿಲ್‌ನಲ್ಲಿ ಚನ್ನಗಿರಿಯ ರಸ್ತೆಗಳಲ್ಲಿ ಹಗಲು ರಾತ್ರಿ ಟ್ಯಾಂಕರ್‌ಗಳು ಓಡಿದವು. ಮನುಷ್ಯರಿಗೆ ಮಾತ್ರವಲ್ಲ, ಅಡಿಕೆ ಮರಗಳಿಗೆ ನೀರುಣಿಸಲು! ಅದು ರಮಝಾನ್ ತಿಂಗಳು. ಸಹರಿಗೆ ಎದ್ದಾಗ ಮೊದಲು ಕಿವಿಗೆ ಬೀಳುತ್ತಿದ್ದುದು ಟ್ಯಾಂಕರ್ ಸದ್ದು. ತೋಟದವರ ಕಷ್ಟ ಪತ್ರಿಕೆಗಳಲ್ಲಿ ಬಂತು. ಆದರೆ ಖೇಣಿದಾರರ ಮನೆಯಂಗಳದಲ್ಲಿ ಕುಳಿತು ಅಡಿಕೆ ಸುಲಿದು ಸಂಸಾರ ಸಾಗಿಸುವ ನಮ್ಮ ಓಣಿಯ ಹೆಂಗಸರ ಸುದ್ದಿ ಬರಲಿಲ್ಲ. ಗೊನೆ ಕಡಿಮೆಯಾದರೆ ಅವರಿಗೆ ಸುಲಿಯುವ ಕೆಲಸವೂ ಕಡಿಮೆ, ಕೂಲಿಯೂ ಕಡಿಮೆ.

ಚನ್ನಗಿರಿಯಿಂದ ತವರಿಗೆ ಬಂದೆ. ನ್ಯಾಮತಿ ಹಿಂದೆ ಹೊನ್ನಾಳಿಗೆ ಸೇರಿದ್ದ ಊರು, ಈಗ ತಾಲೂಕು ಕೇಂದ್ರ. ಇಲ್ಲಿ ಮೆಕ್ಕೆಜೋಳವೇ ಮುಖ್ಯ. ಭಾಯಿ ಗುತ್ತಿಗೆಗೆ ಹೊಲ ಮಾಡುತ್ತಾರೆ. ಅವರಿಗೆ ಮಳೆ ಕಡಿಮೆಯಾಯಿತೆಂಬ ದೂರಿಲ್ಲ. ಅವರು ಹೇಳುವುದು ಬೇರೆ: "ಮಳೆ ಬರುತ್ತದೆ, ಆದರೆ ಕರೆದಾಗ ಬರುವುದಿಲ್ಲ." 2021ರ ನವೆಂಬರ್ ನಿಮಗೂ ನೆನಪಿರಬಹುದು. ಒಣಗಬೇಕಾದ ತಿಂಗಳಲ್ಲಿ ರಾಜ್ಯದ ತುಂಬಾ ದಿನಗಟ್ಟಲೆ ಮಳೆ ಸುರಿಯಿತು. ಕಟಾವು ಮಾಡಿ ರಾಶಿ ಹಾಕಿದ್ದ ತೆನೆಗಳು ಕಣದಲ್ಲೇ ಮೊಳಕೆಯೊಡೆದವು. ಭಾಭಿ ತೆನೆಗಳನ್ನು ಒಳಗೆ ತಂದು, ಮಕ್ಕಳು ಮಲಗುವ ಕೋಣೆಯಲ್ಲಿ ಹರಡಿ, ಫ್ಯಾನ್ ಹಾಕಿ ಒಣಗಿಸಲು ನೋಡಿದರಂತೆ. ಅರ್ಧಕ್ಕರ್ಧ ಬೂಷ್ಟು ಹಿಡಿಯಿತು. ಬಿತ್ತುವಾಗ ಬಾರದೆ, ಒಕ್ಕುವಾಗ ಬಂದ ಮಳೆಯಿಂದ ಯಾರಿಗೆ ಪ್ರಯೋಜನ?

ನ್ಯಾಮತಿಯಿಂದ ಹೊನ್ನಾಳಿ ಹತ್ತಿರವೇ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾಗಿ, ಕೆಳಗೆ ಹರಿದು ಹೊನ್ನಾಳಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಇಲ್ಲಿ ನೆರೆ ಬರಲು ಹೊನ್ನಾಳಿಯಲ್ಲಿ ಮಳೆಯಾಗಬೇಕೆಂದೇನೂ ಇಲ್ಲ. ಮೇಲೆ ಮಲೆನಾಡಿನ ಘಟ್ಟದಲ್ಲಿ ಸುರಿದರೆ ಸಾಕು. 2019ರಲ್ಲಿ ಆದದ್ದು ಅದೇ. ಜೂನ್, ಜುಲೈಯಲ್ಲಿ ಮುನಿಸಿಕೊಂಡಿದ್ದ ಮಳೆ ಆಗಸ್ಟ್ ಮೊದಲ ವಾರದಿಂದ ಒಮ್ಮೆಲೇ ಕವುಚಿಕೊಂಡು ಬಿತ್ತು. ಫೂಫಿಯ ಮನೆಯ ಗೋಡೆಯಲ್ಲಿ ಆ ನೀರಿನ ಗೆರೆ ಇಂದಿಗೂ ಇದೆ. ಅದನ್ನು ಅಳಿಸಲು ಸುಣ್ಣ ಹೊಡೆದರೂ ಮಳೆಗಾಲದಲ್ಲಿ ಮತ್ತೆ ಎದ್ದು ಕಾಣುತ್ತದಂತೆ.

ಅಂದು ರಾತ್ರಿ ಇಶಾ ನಮಾಝ್ ಮುಗಿಸಿ ಅಂಗಳದಲ್ಲಿ ಕುಳಿತಿದ್ದಾಗ ಫೂಫಿ ಹೇಳಿದರು: "ಇದೆಲ್ಲಾ ಕಿಯಾಮತ್‌ನ ಗುರುತು ಬೇಟಿ. ನಮ್ಮ ಕೈಯಲ್ಲಿ ಏನಿದೆ?"

ನಾನು ಹೇಳಿದೆ: "ಮಳೆ ಸುರಿಸುವವನು ಅಲ್ಲಾಹನೇ ಫೂಫಿ. ಆದರೆ ಹೊಗೆ ಎಬ್ಬಿಸಿದ್ದು ನಾವು ಮನುಷ್ಯರು."

ಸಹೋದರಿಯರೇ, ಫೂಫಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಒಂದು ಸರಳ ಪ್ರಯೋಗ ಮಾಡಿದಳು. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಉಷ್ಣಮಾಪಕ ಇಟ್ಟು, ಬಿಸಿಲಿಗೆ ಹಿಡಿದಳು. ಇಂಗಾಲದ ಡೈ ಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು, ತಣ್ಣಗಾಗಲು ಹೆಚ್ಚು ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ ಭೂಮಿ ಬಿಸಿಯಾದೀತೆಂದು ಆಕೆ ಅಂದೇ ಬರೆದಳು. ವಿಜ್ಞಾನಿಗಳ ಸಭೆಯಲ್ಲಿ ಆಕೆಯ ಪ್ರಬಂಧವನ್ನು ಓದಿದವರು ಒಬ್ಬ ಪುರುಷ ವಿಜ್ಞಾನಿ. ನಂತರ ಒಂದೂವರೆ ಶತಮಾನ ಆಕೆಯ ಹೆಸರು ಮರೆತೇ ಹೋಗಿತ್ತು.

ಈ ಅನಿಲ ಭೂಮಿಗೆ ಹೊದಿಸಿದ ರಜಾಯಿಯಂತೆ. ಭೂಮಿ ಹೊರಬಿಡುವ ಶಾಖವನ್ನು ಅದು ತಡೆದಿಡುತ್ತದೆ. ರಜಾಯಿಯೇ ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಆದರೆ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟು, ಕಾಡು ಕಡಿದು ನಾವು ಅದನ್ನು ದಪ್ಪ ಮಾಡಿದ್ದೇವೆ. ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು. ಈಗ 420ನ್ನೂ ದಾಟಿದೆ. 2024ನೇ ವರ್ಷ ದಾಖಲೆಗಳಲ್ಲೇ ಅತ್ಯಂತ ಬಿಸಿಯ ವರ್ಷ. ಹಿಂದಿನ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು.

"ಒಂದೂವರೆ ಡಿಗ್ರಿಗೆ ಇಷ್ಟೊಂದು ಗದ್ದಲವೇ?" ಎಂದು ಫೂಫಿ ಕೇಳಿದರು. ಮಗುವಿನ ಮೈ ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರಿದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಶ್ನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಅಂದರೆ ಮುಗಿಲಿನ ಕೊಡ ದೊಡ್ಡದಾಗಿದೆ. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು, ಅಷ್ಟರವರೆಗೆ ಅದು ನೆಲದ ತೇವವನ್ನೂ ಎಲೆಯ ಹಸಿಯನ್ನೂ ಹೀರುತ್ತದೆ. ತುಂಬಿ ಉರುಳಿದಾಗ ಒಮ್ಮೆಲೇ ಸುರಿಯುತ್ತದೆ. ಬರಕ್ಕೂ ನೆರೆಗೂ ಬಲ ಕೊಡುತ್ತಿರುವುದು ಒಂದೇ ಬಿಸಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಾದವು. ಆದರೆ ಅದೇ ಅವಧಿಯಲ್ಲಿ ಒಟ್ಟು ಮುಂಗಾರು ಮಳೆ ಕ್ಷೀಣಿಸುತ್ತಿತ್ತು.

ಹಾಗೆಂದು ಪ್ರತಿಯೊಂದು ಮಳೆಗೂ ಪ್ರತಿಯೊಂದು ಬರಕ್ಕೂ ಇದೊಂದೇ ಕಾರಣವೆನ್ನುವುದು ಸರಿಯಲ್ಲ. 2023ರಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೋ ಕೂಡಾ ಇತ್ತು. ನದಿಯ ಪಾತ್ರದಲ್ಲಿ ಮನೆ ಕಟ್ಟಿದ್ದು, ಕೆರೆಗಳಲ್ಲಿ ಹೂಳು ತುಂಬಲು ಬಿಟ್ಟದ್ದು, ಘಟ್ಟದ ಕಾಡು ಕಡಿದದ್ದು ನಮ್ಮದೇ ತಪ್ಪುಗಳು. ಹವಾಮಾನ ಈ ತಪ್ಪುಗಳ ಬೆಲೆಯನ್ನು ಹೆಚ್ಚಿಸಿದೆ ಅಷ್ಟೆ.

ಮರುದಿನ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ದಾರಿ ಹಿಡಿದೆ. ಹಸಿರು ಹಿಂದೆ ಉಳಿಯಿತು. ಘಟ್ಟ ದಾಟುವಾಗಲೇ ಮುಂಗಾರು ಮೋಡಗಳು ತಮ್ಮ ಭಾರ ಇಳಿಸಿಬಿಡುವುದರಿಂದ ಜಗಳೂರಿಗೆ ಉಳಿಯುವುದು ಸ್ವಲ್ಪವೇ. ರಂಗಯ್ಯನದುರ್ಗದ ಕುರುಚಲು ಕಾಡು ಇರುವುದು ಇಲ್ಲೇ. ಅದು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವಾಯಿತು. ಸ್ವಲ್ಪ ನೀರಿನಲ್ಲಿ ಬದುಕುವುದನ್ನು ಆ ಕುರುಚಲು ಕಾಡು ಕಲಿತಿದೆ. ನಮ್ಮ ದುಲ್ಹಾಭಾಯಿ ಕಲಿಯಲಿಲ್ಲ. ಚನ್ನಗಿರಿಯ ತೋಟಗಳನ್ನು ನೋಡಿ, ಎಕರೆ ಹೊಲಕ್ಕೆ ಅಡಿಕೆ ಹಾಕಿದ್ದರು. ಮೂರು ಬೋರ್ ಕೊರೆಸಿದರು. ಮೊದಲನೆಯದು ಬತ್ತಿತು, ಎರಡನೆಯದರಲ್ಲಿ ಧೂಳು ಎದ್ದಿತು, ಮೂರನೆಯದು 2024ರ ರಮಝಾನ್‌ನಲ್ಲಿ ನಿಂತುಹೋಯಿತು. ಈ ಕಡೆಯ ಎಷ್ಟೋ ಬೋರ್‌ಗಳ ನೀರಿನಲ್ಲಿ ಫ್ಲೋರೈಡ್ ಕೂಡಾ ಇದೆ. ನೀರು ಸಿಕ್ಕರೂ ಮಕ್ಕಳ ಹಲ್ಲು ಹಳದಿಗಟ್ಟುತ್ತದೆ.

ನಾನು ಹೋದಾಗ ಮನೆಯಲ್ಲಿ ನಾಲ್ಕನೇ ಬೋರಿನ ಮಾತು ನಡೆದಿತ್ತು. ಹಣ ಎಲ್ಲಿಂದ? ಆಪಾ ಮಗಳ ಕಾಲೇಜಿಗೆಂದು ಕೂಡಿಟ್ಟಿದ್ದ ಚೀಟಿಯ ಹಣದಿಂದ. ಪಿ.ಯು.ಸಿ. ಪಾಸಾದ ಹುಡುಗಿ ಅಡುಗೆ ಮನೆಯಲ್ಲಿ ನನ್ನ ಕೈ ಹಿಡಿದು, "ಖಾಲಾ, ಅಬ್ಬಾಗೆ ನೀವಾದರೂ ಹೇಳಿ" ಎಂದಳು.

ನಾನು ಏನು ಹೇಳಲಿ? ದುಲ್ಹಾಭಾಯಿ ಕೆಟ್ಟವರಲ್ಲ, ಒಣಗುವ ಗಿಡಗಳನ್ನು ನೋಡಲಾರದ ರೈತ. ಆದ್ದರಿಂದ ಉಪದೇಶ ಬಿಟ್ಟು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆಪಾ ಮನೆಯ ತಾರಸಿ 20 ಅಡಿಗೆ 30 ಅಡಿ, ಅಂದರೆ ಸುಮಾರು 55 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೂ 27 ಸಾವಿರ ಲೀಟರ್. ಹರಿದು ಹಾಳಾದದ್ದು ಹೋಗಿ 20 ಸಾವಿರ ಉಳಿದರೂ ಹದಿನೈದು ಲೀಟರಿನ ಸಾವಿರದ ಮುನ್ನೂರು ಕೊಡ! ಅದರಲ್ಲಿ ನೆಲದಡಿಯ ಫ್ಲೋರೈಡ್ ಇರುವುದಿಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಮರಳು ಇದ್ದಿಲಿನಲ್ಲಿ ಸೋಸಿ, ತೊಟ್ಟಿಯಲ್ಲಿ ಬೆಳಕು ಬೀಳದಂತೆ ಮುಚ್ಚಿಟ್ಟು, ಕುದಿಸಿ ಕುಡಿದರಾಯಿತು. ಬೋರಿನ ಖರ್ಚು ಇದಕ್ಕೆ ಬೇಡ.

"ಕುಡಿಯಲು ಆಯಿತು, ತೋಟಕ್ಕೆ?" ಎಂದು ದುಲ್ಹಾಭಾಯಿ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆ ಈ ಸೀಮೆಗೆ ಆಸೆ ತಂದಿದೆ. ಕೆರೆ ತುಂಬಿದರೆ ಅಂತರ್ಜಲವೂ ಏರೀತು. ಆದರೆ ಅದು ಅಡಿಕೆಗೆ ಸಾಕಾಗುವಷ್ಟೇ? ಆಪಾ ಮೊದಲ ಬಾರಿ ಬಾಯಿ ತೆರೆದರು: "ನಮ್ಮ ಮಾವನವರು ರಾಗಿ, ಶೇಂಗಾ ಬೆಳೆದೇ ನಮ್ಮನ್ನು ಸಾಕಲಿಲ್ಲವೇ?" ದುಲ್ಹಾಭಾಯಿ ಎದ್ದು ಹೊರಗೆ ಹೋದರು.

ನಾವು ಬಡವರು ಎಬ್ಬಿಸಿದ ಹೊಗೆ ಎಷ್ಟು? ಅಮೆರಿಕದ ಒಬ್ಬ ವ್ಯಕ್ತಿಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್ ಬಂದರೆ ಭಾರತೀಯನ ಪಾಲಿಗೆ ಬರುವುದು ಸುಮಾರು 2 ಟನ್. ಆಪಾ ಪಾಲಿಗೆ ಅದಕ್ಕಿಂತಲೂ ಕಡಿಮೆಯೇ ಇದ್ದೀತು. ರಜಾಯಿ ದಪ್ಪ ಮಾಡಿದವರು ಒಬ್ಬರು, ಬೆವರುವವರು ಇನ್ನೊಬ್ಬರು. ಇದು ಅನ್ಯಾಯ, ಇದನ್ನು ಗಟ್ಟಿಯಾಗಿ ಹೇಳಬೇಕು. ಆದರೆ ಅವರು ಸರಿಹೋಗುವವರೆಗೆ ನಮ್ಮ ಮನೆಯ ಹುಡುಗಿಯ ಓದನ್ನು ಬೋರಿನ ಗುಂಡಿಗೆ ಹಾಕುತ್ತಾ ಕೂರಲು ಆಗದು.

ಹರಿಯುವ ನದಿಯ ದಂಡೆಯಲ್ಲಿದ್ದರೂ ವುಝೂವಿಗೆ ಅಗತ್ಯಕ್ಕಿಂತ ಹೆಚ್ಚು ನೀರು ಬಳಸಬಾರದೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೆ. ಆಗ ಅದು ಪರೀಕ್ಷೆಗೆ ಬೇಕಾಗಿತ್ತು. ಫೂಫಿಯ ಹೊಳೆ ನೋಡಿ, ಮರುದಿನ ಆಪಾ ಮನೆಯಲ್ಲಿ ಒಂದು ಲೋಟ ನೀರಿನಲ್ಲಿ ವುಝೂ ಮಾಡಿದಾಗ ಅದು ನನಗೆ ಅರ್ಥವಾಯಿತು.

ಸಹೋದರಿಯರೇ, ಮಳೆಗಾಗಿ ನಾವು ನಮಾಝ್ ಮಾಡುತ್ತೇವೆ, ದುಆ ಮಾಡುತ್ತೇವೆ. ಬಂದ ಮಳೆಯನ್ನು ಹಿಡಿಯಲು ನಿಮ್ಮ ತಾರಸಿಗೆ ಒಂದು ಪೈಪು ಇದೆಯೇ? ಈ ವಾರವೇ ಒಮ್ಮೆ ಮೇಲೆ ಹತ್ತಿ ನೋಡಿ.

ಜೂನ್ ಕೊನೆಗೆ ಆಪಾ ಫೋನ್ ಮಾಡಿದರು. ಬೋರಿನ ಲಾರಿ ಬರಲಿಲ್ಲವಂತೆ. ಅಡಿಕೆ ಗಿಡಗಳಲ್ಲಿ ಅರ್ಧ ಒಣಗಿದವು, ಅಲ್ಲಿ ದುಲ್ಹಾಭಾಯಿ ಶೇಂಗಾ ಬಿತ್ತಿದ್ದಾರೆ. ಅವರು ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡಿಲ್ಲ. ಆದರೆ ತಾರಸಿಯ ಪೈಪನ್ನು ತೊಟ್ಟಿಗೆ ಜೋಡಿಸಿದ್ದು ಅವರೇ. ಹುಡುಗಿ ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಳೆ.