ನೇತ್ರಾಣಿ: ನೀರಿನಡಿಯ ಶಿಸ್ತಿನ ಪಾಠ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನಲ್ಲಿರುವ ಮುರ್ಡೇಶ್ವರದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ, ಆಕಾಶ ತಿಳಿಯಾಗಿರುವ ದಿನ, ದಿಗಂತದಲ್ಲಿ ಒಂದು ಕಪ್ಪು ಗುಡ್ಡ ಕಾಣುತ್ತದೆ. ಅದು ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿಲೋಮೀಟರ್ ದೂರ. ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ಪ್ರಯಾಣ. ಪಾರಿವಾಳಗಳ ದ್ವೀಪ ಎಂಬ ಹೆಸರೂ ಇದಕ್ಕಿದೆ. ಕಡಿದಾದ ಬಂಡೆಗಳು, ಅವುಗಳ ಮೇಲೆ ಹಸಿರು, ನೆತ್ತಿಯಲ್ಲಿ ಸುತ್ತುವ ಬಿಳಿಹೊಟ್ಟೆಯ ಕಡಲ ಹದ್ದು. ಜನವಸತಿ ಇಲ್ಲ. ಆದರೆ ದ್ವೀಪದ ಸುತ್ತಲಿನ ನೀರಿನಡಿಯಲ್ಲಿ ದೊಡ್ಡದೊಂದು ಊರೇ ಇದೆ. ಹವಳಗಳು, ಚಿಟ್ಟೆಮೀನು, ಗಿಳಿಮೀನು, ಹಿಂಡುಹಿಂಡಾಗಿ ಸಾಗುವ ಬರಾಕುಡಾಗಳು ಅಲ್ಲಿನ ನಿವಾಸಿಗಳು.

ಪವಿತ್ರ ಕುರ್‌ಆನಿನ ಸೂರಃ ಅರ್ರಹ್ಮಾನ್‌ನಲ್ಲಿ ಅಲ್ಲಾಹನ ಅನುಗ್ರಹಗಳನ್ನು ಎಣಿಸುವಾಗ ಮುತ್ತು ಮತ್ತು ಹವಳಗಳ ಪ್ರಸ್ತಾಪ ಬರುತ್ತದೆ. ಮದ್ರಸದಲ್ಲಿ ಅದನ್ನು ನಾವು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಆದರೆ ಉಂಗುರದ ಕೆಂಪು ಹರಳನ್ನು ಬಿಟ್ಟರೆ ಹವಳವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಅದು ಜೀವಂತವಾಗಿ ಬೆಳೆಯುವುದು ನಮ್ಮದೇ ರಾಜ್ಯದ ಕಡಲಿನಲ್ಲಿ ಎಂಬುದು ಹೆಚ್ಚಿನವರಿಗೆ ತಿಳಿದೇ ಇಲ್ಲ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತನಕ ಇಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಬರುವವರಲ್ಲಿ ಎರಡು ಬಗೆ. ಒಂದು ದಿನದ ಮಟ್ಟಿಗೆ ಬಂದು, ತರಬೇತುದಾರರ ಕೈಹಿಡಿದು ಅರ್ಧ ಗಂಟೆ ನೀರಿನಡಿ ಇದ್ದು, ಫೋಟೋ ತೆಗೆಸಿಕೊಂಡು ಹೋಗುವವರು ಹೆಚ್ಚು. ಇವರಿಗೆ ಈಜು ಬರಬೇಕೆಂದೂ ಇಲ್ಲ. ಇನ್ನೊಂದು ಬಗೆಯವರು ಮೂರು ನಾಲ್ಕು ದಿನ ತಂಗಿ, ಪಾಠ ಓದಿ, ಪರೀಕ್ಷೆ ಬರೆದು, ಸ್ವಂತ ಬಲದಿಂದ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ಪಡೆಯುವವರು. ಕಳೆದ ಫೆಬ್ರವರಿಯಲ್ಲಿ ನನ್ನ ಅಣ್ಣನ ಮಗಳು ಈ ಎರಡನೆಯ ಗುಂಪಿಗೆ ಸೇರಿದಳು. ಅವಳ ಜೊತೆಗೆ ಹೋದವಳು ನಾನು.

ಅವಳು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದಾಳೆ. ಪುಸ್ತಕದಲ್ಲಿರುವ ಹವಳವನ್ನು ಕಣ್ಣಾರೆ ಕಾಣಬೇಕೆಂಬುದು ಅವಳ ಹಂಬಲ. ಆದರೆ ಶಿವಮೊಗ್ಗದ ನಮ್ಮ ಮನೆಯಲ್ಲಿ ನೀರು ಎಂದರೆ ಭಯ. ಅಣ್ಣನ ಸಹಪಾಠಿಯೊಬ್ಬ ಶಾಲಾ ದಿನಗಳಲ್ಲಿ ತುಂಗಾ ನದಿಯಲ್ಲಿ ಮುಳುಗಿ ಮರಣಹೊಂದಿದ್ದ. ಅಂದಿನಿಂದ ಅಣ್ಣ ನದಿಯ ಮೆಟ್ಟಿಲಿಗೂ ಇಳಿದವರಲ್ಲ. ಅವರ ಮಕ್ಕಳಾರಿಗೂ ಈಜು ಬರುತ್ತಿರಲಿಲ್ಲ. ಮಗಳು ಮಾತ್ರ ಕಾರವಾರದ ಹಾಸ್ಟೆಲಿನಲ್ಲಿದ್ದಾಗ ಗೆಳತಿಯರ ಜೊತೆ ಕಲಿತಳು. ಡೈವಿಂಗ್ ಸುದ್ದಿ ತೆಗೆದಾಗ ಅಣ್ಣ ಊಟ ಬಿಟ್ಟು ಎದ್ದರು. ಭಾಬಿ ಅಳತೊಡಗಿದರು. ಅವರ ಭಯವನ್ನು ತಪ್ಪೆನ್ನುವಂತಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಮುರ್ಡೇಶ್ವರಕ್ಕೆ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಶಿಕ್ಷಕಿಯಾದ ನನಗೆ ಆ ಸುದ್ದಿ ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ. "ಫುಪ್ಪು ಜೊತೆಗೆ ಬರುವುದಾದರೆ ಮಾತ್ರ" ಎಂಬ ಷರತ್ತಿನ ಮೇಲೆ ಕೊನೆಗೆ ಅಣ್ಣ ಒಪ್ಪಿದರು.

ಉಡುಪಿನ ಪ್ರಶ್ನೆ ನಮ್ಮ ಓದುಗ ಸಹೋದರಿಯರಿಗೂ ಬರಬಹುದು. ಡೈವಿಂಗ್ ಸೂಟ್ ಕುತ್ತಿಗೆಯಿಂದ ಕಣಕಾಲಿನವರೆಗೆ ಮುಚ್ಚುತ್ತದೆ. ತಲೆ ಮತ್ತು ಕೊರಳಿಗೆ ಅದೇ ಬಟ್ಟೆಯ ಕುಲಾವಿ ಸಿಗುತ್ತದೆ. ಮೈಗಂಟುವ ಉಡುಪಾದ್ದರಿಂದ ನೀರಿಗೆ ಇಳಿಯುವ ತನಕ ನಮ್ಮ ಹುಡುಗಿ ಅದರ ಮೇಲೆ ಸಡಿಲವಾದ ನಿಲುವಂಗಿ ತೊಟ್ಟಿದ್ದಳು. ಮೊದಲೇ ಕೇಳಿಕೊಂಡಿದ್ದರಿಂದ ಸಲಕರಣೆ ಕಟ್ಟಲು ಮಹಿಳಾ ಸಹಾಯಕಿಯೊಬ್ಬರನ್ನು ಒದಗಿಸಿದರು. ಕೇಳಿದರೆ ಸಿಗುತ್ತದೆ, ಕೇಳುವ ಧೈರ್ಯ ಬೇಕು ಅಷ್ಟೆ.

ಮೊದಲ ಎರಡು ದಿನ ಪಾಠ ಮತ್ತು ಈಜುಕೊಳ. 200 ಮೀಟರ್ ಈಜಬೇಕು, ಹತ್ತು ನಿಮಿಷ ನೀರಿನ ಮೇಲೆ ತೇಲಬೇಕು. ಮೊಟ್ಟಮೊದಲ ನಿಯಮ: ನೀರಿನಡಿ ಉಸಿರನ್ನು ಎಂದೂ ಹಿಡಿಯಬಾರದು. ಇದು ನಮ್ಮ ಸಹಜ ಬುದ್ಧಿಗೆ ವಿರುದ್ಧ. ಕಾರಣ ಸರಳವಾಗಿದೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ತೆಗೆದುಕೊಂಡ ಗಾಳಿ, ಮೇಲೆ ಬರುವಾಗ ಹಿಗ್ಗಿ ಎರಡರಷ್ಟಾಗುತ್ತದೆ. ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶಕ್ಕೇ ಗಾಯವಾಗುತ್ತದೆ. ಆದ್ದರಿಂದ ಗಾಬರಿಯಾದರೂ ಉಸಿರಾಡುತ್ತಲೇ ಇರಬೇಕು, ನಿಧಾನವಾಗಿ ಏರಬೇಕು. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗ ಸಲ್ಲದು. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರಬೇಕು.

ಸಿಲಿಂಡರ್ ಮತ್ತು ರೆಗ್ಯುಲೇಟರ್ ಎಂಬ ಪದಗಳು ನಮ್ಮ ಅಡುಗೆ ಮನೆಯಲ್ಲೂ ಇವೆ. ಹೊಸ ಸಿಲಿಂಡರ್ ಜೋಡಿಸಿದಾಗ ಸೋರುತ್ತಿದೆಯೇ ಎಂದು ಸೋಪಿನ ನೀರು ಹಚ್ಚಿ ನೋಡುವ ಗೃಹಿಣಿಗೆ ಡೈವರ್‌ನ ಮನಸ್ಸು ಬೇಗ ಅರ್ಥವಾದೀತು. ಅವರು ಸುಮಾರು 200 ಬಾರ್ ಒತ್ತಡದ ಗಾಳಿಯೊಂದಿಗೆ ಇಳಿಯುತ್ತಾರೆ. ಮೀಟರ್ ನೋಡುತ್ತಲೇ ಇದ್ದು, ಕನಿಷ್ಠ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. 20 ಮೀಟರ್ ಆಳದಲ್ಲಿ ಗಾಳಿ ಮೇಲ್ಮೈಗಿಂತ ಮೂರು ಪಟ್ಟು ಬೇಗ ಖರ್ಚಾಗುತ್ತದೆ. ಲೆಕ್ಕ ತಪ್ಪಿದರೆ ಪಕ್ಕದ ಮನೆಯಿಂದ ಸಾಲ ತರುವ ಹಾಗಿಲ್ಲ. ಸಾಲ ಕೊಡಬಲ್ಲವರು ಒಬ್ಬರೇ, ಜೊತೆಗಿಳಿದ ಸಂಗಾತಿ.

ಅದಕ್ಕಾಗಿಯೇ ಪ್ರತಿ ಸಲ ಇಳಿಯುವ ಮುನ್ನ ಇಬ್ಬರೂ ಪರಸ್ಪರರ ಸಲಕರಣೆಯನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸುತ್ತಾರೆ. ತೇಲುವ ಜಾಕೆಟ್, ತೂಕದ ಬೆಲ್ಟ್, ಬಕಲುಗಳು, ಗಾಳಿ, ಕೊನೆಗೆ ಒಟ್ಟು ನೋಟ. ನೂರು ಸಲ ಇಳಿದವರಿಗೂ ಇದರಿಂದ ವಿನಾಯಿತಿ ಇಲ್ಲ. ನನಗೆ ನೆನಪಾದದ್ದು ವುಝೂ. ಅದರಲ್ಲೂ ಮಹಾ ಆಲಿಮರಿಗೆ ಒಂದು ಕ್ರಮ, ಏಳು ವರ್ಷದ ಮಗುವಿಗೆ ಇನ್ನೊಂದು ಕ್ರಮ ಎಂದಿಲ್ಲ. ಆರಾಧನೆಗೂ ಡೈವಿಂಗಿಗೂ ಹೋಲಿಕೆ ಪೂರ್ಣವಾಗಲಾರದು. ಆದರೆ ದಿನವೂ ಮಾಡುವ ಕೆಲಸವನ್ನು ದಿನವೂ ಗಮನವಿಟ್ಟು ಮಾಡುವುದೇ ಶಿಸ್ತು ಎಂಬುದು ಎರಡೂ ಕಡೆ ಸತ್ಯ.

ಈ ಶಿಸ್ತು ಎಲ್ಲಿಂದ ಬಂತು? ತರಬೇತುದಾರರು ಅಮೆರಿಕದ ಫ್ಲೋರಿಡಾದ ಕಥೆ ಹೇಳಿದರು. ಅಲ್ಲಿ ನೆಲದಡಿ ನೀರು ತುಂಬಿದ ಗುಹೆಗಳಿವೆ. ತಲೆಯ ಮೇಲೆ ಬಂಡೆ ಇರುವುದರಿಂದ ನೇರವಾಗಿ ಮೇಲೆ ಬರಲಾಗದು. 1960 ಮತ್ತು 70ರ ದಶಕಗಳಲ್ಲಿ ಅನೇಕರು ಅಲ್ಲಿ ಪ್ರಾಣ ಕಳೆದುಕೊಂಡರು. ಶೆಕ್ ಎಕ್ಸ್‌ಲಿ ಎಂಬ ಡೈವರ್ ಆ ಸಾವುಗಳನ್ನು ಒಂದೊಂದಾಗಿ ಅಧ್ಯಯನ ಮಾಡಿ, 1979ರಲ್ಲಿ ಸಣ್ಣ ಪುಸ್ತಕ ಬರೆದರು. ಹೊರದಾರಿಯವರೆಗೆ ದಾರ ಕಟ್ಟಿಕೊಂಡೇ ಹೋಗಬೇಕು; ಗಾಳಿಯ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ. ಇಂಥ ನಿಯಮಗಳು ಹಾಗೆ ನೆಲೆಯೂರಿದವು. ಪ್ರತಿ ನಿಯಮದ ಹಿಂದೆ ಯಾರದೋ ಮನೆಯ ಕಣ್ಣೀರಿದೆ. ಸ್ವತಃ ಎಕ್ಸ್‌ಲಿ 1994ರಲ್ಲಿ ಮೆಕ್ಸಿಕೋದ ಆಳವಾದ ನೀರುಗುಂಡಿಯೊಂದರಲ್ಲಿ ತೀರಿಕೊಂಡರು. ನಿಯಮ ತಿಳಿದವರಿಗೂ ಆಳಕ್ಕೆ ಹೋದಷ್ಟು ಅಪಾಯ ಹೆಚ್ಚೇ.

ಅದೇ ಫ್ಲೋರಿಡಾದ ಗುಹೆ ಡೈವರ್‌ಗಳಿಂದ ಸಲಕರಣೆಯ ಒಂದು ಪದ್ಧತಿಯೂ ಬೆಳೆಯಿತು. ಬೇಡದ್ದನ್ನು ಹೊರಬೇಡ, ಯಾವುದೂ ಜೋತಾಡಬಾರದು, ತಂಡದ ಎಲ್ಲರ ಸಲಕರಣೆ ಒಂದೇ ಜಾಗದಲ್ಲಿರಬೇಕು ಎಂಬುದು ಅದರ ಸಾರ. ಬಾಯಲ್ಲಿರುವ ರೆಗ್ಯುಲೇಟರಿಗೆ ಸುಮಾರು ಏಳು ಅಡಿ ಉದ್ದದ ಹೋಸ್. ಸಂಗಾತಿಗೆ ಗಾಳಿ ಮುಗಿದರೆ ತಾನು ಉಸಿರಾಡುತ್ತಿರುವುದನ್ನೇ ತೆಗೆದು ಕೊಡುವುದು, ಗದ್ದದ ಕೆಳಗೆ ಕಟ್ಟಿಕೊಂಡಿರುವ ಇನ್ನೊಂದನ್ನು ತಾನು ಕಚ್ಚಿಕೊಳ್ಳುವುದು. ಕೊಡುವುದು ಮೊದಲು, ತನ್ನದು ನಂತರ! ಕರೆಂಟ್ ಹೋದಾಗ ಬೆಂಕಿಪೊಟ್ಟಣ ಇಟ್ಟ ಜಾಗಕ್ಕೇ ಕೈ ಹೋಗುವಂತೆ, ಕತ್ತಲಲ್ಲೂ ಕೈ ಸರಿಯಾದ ಜಾಗಕ್ಕೆ ಹೋಗಬೇಕು. ನೇತ್ರಾಣಿಯ ಬಾಡಿಗೆ ಸಲಕರಣೆಯಲ್ಲಿ ಉದ್ದ ಹೋಸ್ ಇರಲಿಲ್ಲ. ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್ ಎದೆಯ ಬಳಿ ಇತ್ತು. ಅದನ್ನು ಕಣ್ಣುಮುಚ್ಚಿ ಹುಡುಕಿ ಕೊಡುವ ಅಭ್ಯಾಸವನ್ನು ನಮ್ಮ ಹುಡುಗಿ ಈಜುಕೊಳದಲ್ಲಿ ಮತ್ತೆ ಮತ್ತೆ ಮಾಡಿದಳು.

ತರಬೇತುದಾರರು ಇನ್ನೊಂದು ಮಾತನ್ನೂ ಹೇಳಿದರು. 1990ರ ದಶಕದಲ್ಲಿ ಈ ಪದ್ಧತಿಯ ಕೆಲವರು ತಮ್ಮಂತೆ ಸಲಕರಣೆ ಕಟ್ಟದವರನ್ನು ಹೀಯಾಳಿಸುತ್ತಿದ್ದರಂತೆ. ನನಗೆ ನಗು ಬಂತು. ಮಸ್‌ಅಲಗಳ ಭಿನ್ನಾಭಿಪ್ರಾಯವನ್ನು ಹಿಡಿದು ಜಗಳಾಡುವ ನಮ್ಮವರು ಕಣ್ಣ ಮುಂದೆ ಬಂದರು. ಇಲ್ಮ್ ಎಷ್ಟಿದ್ದರೂ ಅದಬು ಇಲ್ಲದಿದ್ದರೆ ಅದು ಅಹಂಕಾರವಾಗುತ್ತದೆ.

ಮೂರನೆಯ ದಿನ ನೇತ್ರಾಣಿಗೆ ಹೋದೆವು. ನಾನು ದೋಣಿಯಲ್ಲೇ ತಸ್ಬೀಹ್ ಹಿಡಿದು ಕುಳಿತೆ. ಮೊದಲ ಡೈವ್ ಚೆನ್ನಾಗಿ ಮುಗಿಯಿತು. ಎರಡನೆಯದರಲ್ಲಿ ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಸಂಗಾತಿಯಾಗಿದ್ದ ಬೆಂಗಳೂರಿನ ಹುಡುಗಿಗೆ ಕಿವಿನೋವು. ಅವಳು ಹೆಬ್ಬೆರಳು ಮೇಲೆತ್ತಿದಳು. ನೀರಿನಡಿ ಅದಕ್ಕೆ 'ಚೆನ್ನಾಗಿದೆ' ಎಂಬರ್ಥವಲ್ಲ, 'ಮೇಲೆ ಹೋಗೋಣ' ಎಂಬರ್ಥ. ಯಾರೊಬ್ಬರು ಆ ಸನ್ನೆ ಮಾಡಿದರೂ ಡೈವ್ ಮುಗಿಯಿತು. ಕಾರಣ ಕೇಳುವಂತಿಲ್ಲ, ಆಕ್ಷೇಪಿಸುವಂತಿಲ್ಲ. ಮೂವರೂ ನಿಧಾನವಾಗಿ ಮೇಲೆ ಬಂದರು. ನಮ್ಮ ಹುಡುಗಿಯ ಮುಖ ಬಾಡಿತ್ತು. ಕೆಳಗೆ ಹವಳದ ಬಂಡೆ ಕಾಣುತ್ತಿತ್ತಂತೆ. ಇನ್ನೊಂದು ದಿನ ಉಳಿಯಬೇಕು, ಇನ್ನಷ್ಟು ಖರ್ಚು. ಆದರೂ ಅವಳು ಆ ಹುಡುಗಿಯ ಹೆಗಲ ಮೇಲೆ ಕೈಹಾಕಿ, "ನೀನು ಹೇಳಿದ್ದು ಒಳ್ಳೆಯದಾಯಿತು" ಎಂದಳು. ಹವಳ ಕಂಡ ಸಂತೋಷಕ್ಕಿಂತ ಈ ಮಾತು ನನಗೆ ದೊಡ್ಡದೆನಿಸಿತು. ಉಳಿದ ಡೈವ್‌ಗಳನ್ನು ಅವಳು ನಂತರದ ಎರಡು ದಿನಗಳಲ್ಲಿ ಮುಗಿಸಿದಳು, ಅಲ್‌ಹಮ್ದುಲಿಲ್ಲಾಹ್.

ಕೊನೆಯ ಡೈವ್ ಮುಗಿದ ದಿನವೇ ಊರಿಗೆ ಹೊರಡಲು ಬಿಡಲಿಲ್ಲ. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಹಲವು ಡೈವ್ ಮಾಡಿದವರು ವಿಮಾನ ಏರಲು ಕನಿಷ್ಠ 18 ಗಂಟೆ ಕಾಯಬೇಕೆಂಬ ನಿಯಮವಿದೆ. ಗೇರುಸೊಪ್ಪೆ ಘಟ್ಟ ಹತ್ತುವುದೂ ಎತ್ತರಕ್ಕೆ ಹೋಗುವುದೇ ಎಂದು ಮರುದಿನ ಹೊರಟೆವು. ಆ ಸಂಜೆ ಅಣ್ಣ ಫೋನ್ ಮಾಡಿದರು. ಐದು ದಿನ ಮಗಳು ರಾತ್ರಿ ಹೇಳುತ್ತಿದ್ದ ಲೆಕ್ಕವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಕೇಳಿದ್ದು ಒಂದೇ ಪ್ರಶ್ನೆ: "ಮೇಲೆ ಬಂದಾಗ ಎಷ್ಟು ಬಾರ್ ಉಳಿದಿತ್ತು ಬೇಟಿ?" "70 ಅಬ್ಬಾ." "ಸರಿ" ಎಂದರು. ಅವರ ಭಯ ಹೋಗಿರಲಿಲ್ಲ. ಅದು ವಿಚಾರಿಸುವುದನ್ನು ಕಲಿತಿತ್ತು.

ಒಂಟೆಯನ್ನು ಕಟ್ಟಿಹಾಕಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ಯವರ ಶಿಕ್ಷಣ ನಮಗೆಲ್ಲ ಗೊತ್ತು. ನೀರಿನ ವಿಷಯದಲ್ಲಿ ನಾವು ಹಗ್ಗ ಕಟ್ಟುವ ಬದಲು ಮಕ್ಕಳನ್ನೇ ಮನೆಯಲ್ಲಿ ಕಟ್ಟಿಹಾಕುತ್ತೇವೆ. ಹೊಳೆ, ಕೆರೆ, ಕಡಲು ಇರುವ ನಾಡಿದು. ಮಕ್ಕಳು ಒಂದಲ್ಲ ಒಂದು ದಿನ ನೀರಿನ ಬಳಿಗೆ ಹೋಗಿಯೇ ಹೋಗುತ್ತಾರೆ. ಎಲ್ಲರೂ ಡೈವಿಂಗ್ ಕಲಿಯಬೇಕಿಲ್ಲ. ಆದರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಈಜು ಕಲಿಸಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಬೇಕಿದ್ದರೆ ನಾಲ್ಕು ಮನೆಯವರು ಸೇರಿ ಊರಿನ ಈಜುಕೊಳದವರನ್ನು ಕೇಳಬೇಕು. ಬೇಸಿಗೆ ರಜೆ ಅದಕ್ಕೆ ಒಳ್ಳೆಯ ಕಾಲ.