ಕಡಗ ಮತ್ತು ಕರಾರು

ರಾತ್ರಿ ಊಟವಾದ ಮೇಲೆ ನಾನು ಕಂಪನಿ ಮಾಲೀಕ. ಬೋನಾಳದ ಮನೆಯ ಪಡಸಾಲೆ, ಅಣ್ಣನ ಮಗನ ಹಳೆಯ ಲ್ಯಾಪ್‌ಟಾಪ್, ಅದರೊಳಗೆ ಗ್ರೇ ಡಾಗ್ ಸಾಫ್ಟ್‌ವೇರ್‌ನವರ ‘ವರ್ಲ್ಡ್ ಆಫ್ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್’. ಗುದ್ದಾಟ ನೋಡಲು ಬಂದವರಿಗೆ ನಿರಾಸೆ ಖಂಡಿತ. ಪರದೆ ತುಂಬ ಬರೀ ಅಕ್ಷರ, ಅಂಕಿ. ಬಡಿದಾಡುವವರು ಯಾರೋ. ಯಾರನ್ನು ಕರಾರಿಗೆ ಹಿಡಿಯಬೇಕು, ಯಾರಿಗೆ ಯಾರನ್ನು ಜೋಡಿ ಹಚ್ಚಬೇಕು, ಗಲ್ಲೆ ಖಾಲಿಯಾಗದಂತೆ ಹೇಗೆ ನೋಡಿಕೊಳ್ಳಬೇಕು ಅನ್ನುವುದಷ್ಟೇ ನನ್ನ ಪಾಲಿನದು.

ನಮ್ಮ ಕಡೆ ಜಾತ್ರೆಯ ಹಿರಿಯರು ಇದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರು. ಹಲಗಿ ಬಡಿತ ಏರಿದಂತೆ ಮೊದಲು ಹುಡುಗರ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ನೋಟಿನ ಕುಸ್ತಿಗಳು. ಹೊತ್ತು ಮುಳುಗುವ ಹೊತ್ತಿಗೆ ಬೆಳ್ಳಿ ಕಡಗದ ಕುಸ್ತಿ. ಪೈಲ್ವಾನ ಅಂಗಿ ಕಳಚಿ ಕಣ ಸುತ್ತುತ್ತಾನೆ. ಹಿರಿಯರು ಮೈಕಟ್ಟು ನೋಡಿ ಸರಿಜೋಡಿ ಹುಡುಕುತ್ತಾರೆ. ಇಬ್ಬರೂ ಕೈಗೆ ಮಣ್ಣು ತಗೊಂಡು ಕೈ ಕೂಡಿಸಿದರೆ ಒಪ್ಪಂದವಾಯಿತು. ಬೆನ್ನು ನೆಲಕ್ಕೆ ತಾಗಿದರೆ ಅದೂ ತೀರಿತು. ಹಿಂದಿನ ದೊರೆ ಪಾಮ ನಾಯಕ ಕಟ್ಟಿಸಿದ ನಮ್ಮೂರ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಹಾಗೆ, ಪೈಲ್ವಾನರು ಬರುತ್ತಿದ್ದರು, ಹೋಗುತ್ತಿದ್ದರು. ಕಡಗ ತೊಟ್ಟವನು ಮುಂದಿನ ಜಾತ್ರೆಗೆ ಯಾರನ್ನೂ ಕೇಳಬೇಕಿರಲಿಲ್ಲ. ಮೊಣಕಾಲು ಮುರಿದರೆ ಅವನನ್ನೂ ಯಾರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಮಾಜಿ ಪೈಲ್ವಾನರಿಗೆ ಸರ್ಕಾರ ಮಾಸಾಶನ ಕೊಡಲು ಹಿಡಿದದ್ದು ಬಹಳ ಆಮೇಲೆ.

ರಾಜರ ಕಾಲದಲ್ಲಿ ಹಾಲು, ಬಾದಾಮಿ, ತುಪ್ಪದ ಖುರಾಕೇ ಕರಾರು. ಕೊಲ್ಹಾಪುರದ ಶಾಹೂ ಮಹಾರಾಜರು ಕುಸ್ತಿಗೆಂದೇ ಖಾಸಬಾಗ್ ಮೈದಾನ ಕಟ್ಟಿಸಿದರು. ಮೈಸೂರಿನಲ್ಲಿ ದಸರಾ ಕುಸ್ತಿಗೆ ಅರಮನೆಯ ಆಸರೆ. ದೊರೆಯ ಉಪ್ಪುಂಡವನು ದೊರೆ ಹೇಳಿದಾಗ ಕಣಕ್ಕಿಳಿಯಬೇಕು. ಕಾಗದವಿಲ್ಲದಿದ್ದರೂ ಕಟ್ಟು ಕಟ್ಟೇ.

ಕಾಗದ ಬಂದದ್ದು ಕಂಪನಿಗಳ ಜೊತೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶುರುವಾದ, ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಪಂದ್ಯ ನಡೆಸುವ ಯುಎಫ್‌ಸಿ ಕಂಪನಿಯ ಕರಾರುಗಳಲ್ಲಿ ಕಣಕ್ಕಿಳಿದದ್ದಕ್ಕೆ ಇಷ್ಟು, ಗೆದ್ದರೆ ಮೇಲಿಷ್ಟು ಎಂಬ ಲೆಕ್ಕ. ಜೊತೆಗೊಂದು ಚಾಂಪಿಯನ್ ಷರತ್ತು: ಪಟ್ಟ ಗೆದ್ದವನ ಕರಾರು ತಾನಾಗಿ ಮುಂದೆ ಬೆಳೆಯುತ್ತದೆ. ಸೋತವನಿಗೆ ಬಿಡುಗಡೆ, ಗೆದ್ದವನಿಗೆ ಬೇಡಿ! ಇಂಥ ಕಟ್ಟುಪಾಡುಗಳ ವಿರುದ್ಧ ಕಾದಾಳು ಕಂಗ್ ಲೀ ಮತ್ತಿತರರು 2014ರಲ್ಲಿ ಕೋರ್ಟಿಗೆ ಹೋದರು. 37.5 ಕೋಟಿ ಡಾಲರ್ ರಾಜಿಗೆ ಕೋರ್ಟಿನ ಅಂತಿಮ ಒಪ್ಪಿಗೆ ಬಿದ್ದದ್ದು 2025ರಲ್ಲಿ. ಓದುವಾಗ ನಾನು ಕಾದಾಳುಗಳ ಪಕ್ಷ. ಆಟಕ್ಕೆ ಕೂತರೆ ಮಾತ್ರ ಒಂದೊಂದು ರೂಪಾಯಿಗೂ ಜಗ್ಗಾಡುವ ಸಾಹುಕಾರ ಮೈಮೇಲೆ ಬರುತ್ತಾನೆ.

ಮೊನ್ನೆ ನನ್ನ ಚಾಂಪಿಯನ್‌ನ ಕರಾರು ಮುಗಿಯುತ್ತ ಬಂತು. ವಯಸ್ಸು ಮೂವತ್ತಾರು, ಬೇಡಿಕೆ ದುಪ್ಪಟ್ಟು. ಅಣ್ಣನ ಮಗ ಹೆಗಲ ಮೇಲಿಂದ ಇಣುಕಿದ.

“ಕಾಕಾ, ಬಿಡಬ್ಯಾಡ. ಜಗ್ಗಾಡು, ಕಡಿಮಿಗಿ ಬರ್ತಾನ.”

“ಹ್ವಾದರ ಹೋಗ್ಲಿ ಬಿಡಪ್ಪ. ಇಷ್ಟ್ ದಿನ ಗೆದ್ದು ಕೊಟ್ಟಾನ.”

“ಹಿಂಗ ಮಾಡಿದ್ರ ಕಂಪನಿ ಮುಳುಗ್ತದ ನೋಡು.”

ಬಿಟ್ಟುಬಿಟ್ಟೆ. ಎದುರಾಳಿ ಕಂಪನಿ ಐದು ಪಂದ್ಯಕ್ಕೆ ಬರೆಸಿಕೊಂಡಿತು. ಮೊದಲನೆಯದರಲ್ಲೇ ಅವನು ಅಂಗಾತ ಬಿದ್ದ. ಹುಡುಗ ಚಪ್ಪಾಳೆ ತಟ್ಟಿ ನಕ್ಕ. ಉಳಿದ ನಾಲ್ಕು ಪಂದ್ಯಕ್ಕೆ ಅವನನ್ನು ಯಾರ ಮುಂದೆ ನಿಲ್ಲಿಸುತ್ತಾರೋ ಎಂದು ನಾನು ಆ ಕಂಪನಿಯ ಪಟ್ಟಿ ತೆರೆದು ಕೂತೆ.