ಅಡಿಕೆ ತೋಟದಲ್ಲಿ ಪಥೇರ್ ಪಾಂಚಾಲಿ

ಸಾಗರದಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಹೆಗ್ಗೋಡು. ಅಡಿಕೆ ತೋಟಗಳ ನಡುವಿನ ಪುಟ್ಟ ಊರು. ಚಿತ್ರೋತ್ಸವಗಳಿಗೆಂದು ಊರೂರು ಅಲೆಯುವ ನನ್ನಂಥ ಸಿನಿಮಾ ಹುಚ್ಚರಿಗೆ ಇದು ಯಾತ್ರಾಸ್ಥಳ.

ಕಲಾತ್ಮಕ ಚಿತ್ರಗಳು ಹಳ್ಳಿಯವರಿಗೆ ಹಿಡಿಸವು ಎಂಬ ಮಾತನ್ನು ಕೆ.ವಿ. ಸುಬ್ಬಣ್ಣ ಒಪ್ಪಲಿಲ್ಲ. 1973ರಲ್ಲಿ ಇಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಮುಂದೆ ಪುಣೆಯಿಂದ ಸತೀಶ್ ಬಹಾದೂರ್, ಪಿ.ಕೆ. ನಾಯರ್ ಬಂದರು; ರೀಲಿನ ಡಬ್ಬಗಳೂ ಬಂದವು. ತೋಟದ ಕೆಲಸ ಮುಗಿಸಿದವರು ಕೂತು ಡಿ ಸಿಕಾ, ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರಗಳನ್ನು ನೋಡಿದರು.

ಆಗ ನೋಡಿದ ಹಿರಿಯರೊಬ್ಬರ ಜಗಲಿಯಲ್ಲಿ ನಾನು 'ಪಥೇರ್ ಪಾಂಚಾಲಿ'ಯ (1955) ಬಗ್ಗೆ ದೊಡ್ಡದಾಗಿ ಮಾತಾಡತೊಡಗಿದೆ. ರಾಯ್ ವಿಮಾ ಪಾಲಿಸಿ ಅಡವಿಟ್ಟು ಚಿತ್ರ ತೆಗೆದದ್ದು, ಸುಬ್ರತ ಮಿತ್ರರ ಬೆಳಕು, ನವವಾಸ್ತವವಾದ! ಅವರು ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ಸತ್ತ ಅಕ್ಕ ದುರ್ಗಾ ಕದ್ದಿದ್ದ ಸರ ಸಿಕ್ಕಾಗ ಅಪು ಅದನ್ನು ಕೊಳಕ್ಕೆ ಎಸೆಯುತ್ತಾನಲ್ಲ, ಆಗ ನೀರಿನ ಮೇಲಿನ ಪಾಚಿ ಏನು ಮಾಡಿತು, ನೋಡಿದಿರಾ ಎಂದು ಕೇಳಿದರು. ಚಿತ್ರವನ್ನು ಮೂರು ಸಲ ನೋಡಿದ್ದೇನೆ; ನನಗೆ ತೋಚಲಿಲ್ಲ.

ಅವರು ಎಲೆಯನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಅಗಲಿಸಿ, ಮೆಲ್ಲಗೆ ಮತ್ತೆ ಕೂಡಿಸಿ ತೋರಿಸಿದರು.